ಬಣ್ಣ ಹಿಡಿಯದ ಅಂಗೈ

ಕಳೆದ ಭಾನುವಾರ ನನ್ನನ್ನು ಸಾಕ್ಷಿ ಹೇಳಲು ಕರೆಸಿಕೊಂಡರು. ಕೋರ್ಟಿಗಲ್ಲ, ವೇಲಚೇರಿಗೆ.

ಬೆಳಗ್ಗೆ ಪೇಪರಿನ ಮಡಿಕೆ ಕೂಡ ಬಿಚ್ಚಿರಲಿಲ್ಲ, ಸುಮಾ ಫೋನ್ ಮಾಡಿದಳು. ಸುಮಾ ನನ್ನ ಸೋದರಮಾವನ ಮಗಳು. ಹುಟ್ಟಿದ್ದು, ಓದಿದ್ದು, ಕೆಲಸ ಹಿಡಿದದ್ದು ಎಲ್ಲ ಇದೇ ಚೆನ್ನೈ. ಸಮಾಧಾನವಾಗಿದ್ದಾಗ ಕನ್ನಡ ಮಾತಾಡುತ್ತಾಳೆ. ಸಿಟ್ಟು ಬಂದರೆ ತಮಿಳು.

"ಮುರಳಿ, ಉಡನೇ ವಾ, ಈಗ್ಲೇ ಬಾ. ಅಮ್ಮ ಅಪ್ಪನ ಕೈಯನ್ನ ಉಜ್ಜಿ ಹಾಕಿಸ್ತಿದಾಳೆ!"

ಗಾಬರಿಯಾಗಬೇಡಿ. ಮಾವ ತೀರಿಕೊಂಡು ಐದು ವರ್ಷವಾಯಿತು. ಕೈ ಎಂದರೆ ಇಲ್ಲಿ ಕೈಯ ಗುರುತು. ಅದಿರುವುದು ಒಂದು ದೋಣಿಯ ಹೊಟ್ಟೆಯ ಮೇಲೆ. ದೋಣಿ ಇರುವುದು ಅವರ ಮನೆಯ ಪಕ್ಕದ ಜಾಗದಲ್ಲಿ, ಇಟ್ಟಿಗೆಗಳ ಮೇಲೆ, ಬೋರಲಾಗಿ. (ಈ ಅಂಕಣದ ಹಳೆಯ ಓದುಗರಿಗೆ ನೆನಪಿರಬಹುದು, ಆ ಕೈಯ ಬಗ್ಗೆ ನಾನು ಒಮ್ಮೆ ಬರೆದಿದ್ದೆ. ನೆನಪಿಲ್ಲದಿದ್ದರೆ ಇನ್ನೂ ಒಳ್ಳೆಯದು. ಯಾಕೆಂದು ಕೊನೆಗೆ ತಿಳಿಯುತ್ತದೆ.)

ವಿಷಯ ಇಷ್ಟು. ಆ ಮನೆಯನ್ನು ಕೆಡವಿ ಫ್ಲ್ಯಾಟ್ ಕಟ್ಟಲಿದ್ದಾರೆ. ವೇಲಚೇರಿಯಲ್ಲಿ ಈಗ ಯಾರ ಮನೆ ತಾನೇ ಉಳಿದಿದೆ? ಅತ್ತೆ, ಸುಮಾ ಇಬ್ಬರೂ ಬಾಡಿಗೆ ಮನೆಗೆ ಹೋಗುತ್ತಾರೆ, ಮೂರನೇ ಮಹಡಿಗೆ. ದೋಣಿಗೆ ಲಿಫ್ಟ್ ಇಲ್ಲ. ಮುಟ್ಟುಕಾಡಿನ ಹಿನ್ನೀರಿನಲ್ಲಿ ಮಕ್ಕಳಿಗೆ ಹುಟ್ಟು ಹಾಕುವುದು ಕಲಿಸುವವರೊಬ್ಬರು ಅದನ್ನು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾರೆ. ಆದರೆ ಹಳೆಯ ನೀಲಿ ಬಣ್ಣವನ್ನು ಪೂರ್ತಿ ಉಜ್ಜಿ, ದೂರಕ್ಕೆ ಕಾಣುವ ಹಳದಿ ಬಳಿದು ಕೊಡಬೇಕು. ಪೂರ್ತಿ ಉಜ್ಜುವುದೆಂದರೆ ಕೈ ಗುರುತೂ ಹೋಗುತ್ತದೆ.

ಸುಮಾಳಿಗೆ ಅದೇ ಬೇಡ. ಪರೀಕ್ಷೆಗೆ ಹೊರಡುವಾಗ, ಇಂಟರ್‌ವ್ಯೂಗೆ ಹೊರಡುವಾಗ, ಅಪ್ಪ ಹೋದ ಮೇಲಂತೂ ದಿನಾ ಆಫೀಸಿಗೆ ಹೊರಡುವಾಗ, ಗೇಟು ತೆಗೆಯುವ ಮುಂಚೆ ಅವಳು ಆ ಕೈ ಮುಟ್ಟಿ ಹೋಗುತ್ತಾಳೆ. ನಾನೇ ನೋಡಿದ್ದೇನೆ.

"ನೀನು ಅವತ್ತು ಅಲ್ಲೇ ಇದ್ದೆ. ನೀನೇ ಕಣ್ಣಾರೆ ನೋಡಿದ್ದು. ಬಂದು ಅಮ್ಮನಿಗೆ ಹೇಳು."

ಹೌದು, ನಾನು ನೋಡಿದ್ದೆ. ಆಟೋ ಹತ್ತಿದೆ.

* * *

ತೊಂಬತ್ತರ ದಶಕದ ಕೊನೆಯ ಮಾತು. ಮದ್ರಾಸ್ ಹೋಗಿ ಚೆನ್ನೈ ಬಂದಿತ್ತು, ನಮ್ಮ ಬಾಯಿಗೆ ಮಾತ್ರ ಬಂದಿರಲಿಲ್ಲ. ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತೇನೆಂದು ಬಂದವನು (ಮುಗಿಸಲಿಲ್ಲ, ನಾನು ಮುಗಿಸದ ಕೆಲಸಗಳಲ್ಲಿ ಅದೂ ಒಂದು) ಮಾವನ ಮನೆಯಲ್ಲೇ ಉಳಿದುಕೊಂಡಿದ್ದೆ. ವೇಲಚೇರಿ ಎಂದರೆ ಆಗ ಆಟೋದವರು ಮುಖ ತಿರುಗಿಸುತ್ತಿದ್ದರು. ಖಾಲಿ ಸೈಟುಗಳು, ಎಮ್ಮೆಗಳು, ಸಂಜೆಯಾದರೆ ಕಪ್ಪೆಗಳ ಸಭೆ.

ಮಾವ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು. ಬೋಗಿಗಳಿಗೆ ಬಣ್ಣ ಸರಿಯಾಗಿ ಬಿದ್ದಿದೆಯೇ ಎಂದು ನೋಡಿ ಪಾಸು, ಫೇಲು ಮಾಡುವುದು ಅವರ ಕೆಲಸ. ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡರು. ಮನೆಯಲ್ಲಿ ಫೇಲು ಮಾಡಲು ಏನೂ ಸಿಗಲಿಲ್ಲವೋ ಏನೋ, ದೋಣಿ ಮಾಡಲು ಹೊರಟರು.

"ಅರಸೀಕೆರೇಲಿ ಹುಟ್ಟಿದೋರಿಗೆ ದೋಣಿ ಯಾಕ್ರೀ?" ಎಂದು ಅತ್ತೆ ಕೇಳಿದರು. "ಅಲ್ಲಿ ಕೊಡ ತುಂಬೋದೇ ಕಷ್ಟ."

"ಅದಕ್ಕೇ ಕಣೇ," ಎಂದರು ಮಾವ.

ಪ್ಲೈವುಡ್ಡಿನ ದೋಣಿ. ಅದನ್ನು ಕಟ್ಟಿದ್ದು ನನಗೆ ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಉಜ್ಜಿದ್ದು. ಪ್ಯಾರೀಸ್ ಕಾರ್ನರ್‌ನ ಯಾವುದೋ ಸಂದಿಯಿಂದ ಮಾವ ರೆಸಿನ್ ಎಂಬ ಅಂಟಿನ ಡಬ್ಬಗಳನ್ನೂ ಫೈಬರ್ ಗ್ಲಾಸ್ ಬಟ್ಟೆಯ ಸುರುಳಿಯನ್ನೂ ಬಸ್ಸಿನಲ್ಲಿ ಹೊತ್ತು ತಂದರು. ಬಟ್ಟೆಯನ್ನು ನೋಡಿ ಅತ್ತೆ "ಬ್ಲೌಸ್ ಪೀಸ್ ಇಲ್ವಾ?" ಎಂದರು. ಆ ಗಾಜಿನ ಬಟ್ಟೆಯನ್ನು ಬೋರಲು ದೋಣಿಗೆ ಹೊದಿಸಿ, ರೆಸಿನ್ ಕುಡಿಸಿ, ಒಣಗಲು ಬಿಟ್ಟರು. ಒಣಗಿದ ಮೇಲೆ ನೋಡಿದರೆ ಮೈಯೆಲ್ಲ ಗೋಣಿಚೀಲದ ಹಾಗೆ ನೇಯ್ಗೆ ಎದ್ದು ಕಾಣುತ್ತಿತ್ತು. ಮೇಲೊಂದು ಜಿಗುಟು ಬೇರೆ. ಈ ಊರಿನ ತೇವದ ಗಾಳಿಗೆ ಹಾಗಾಗುತ್ತದಂತೆ.

"ಮೊದಲು ಸ್ನಾನ, ಆಮೇಲೆ ಉಜ್ಜೋದು," ಎಂದರು ಮಾವ. ನೀರು ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ ಜಿಗುಟು ತೆಗೆದೆವು. ಹಾಗೆ ತೆಗೆಯದೆ ಉಜ್ಜಿದರೆ ಉಪ್ಪುಕಾಗದ ಕ್ಷಣದಲ್ಲಿ ಮೆತ್ತಿಕೊಂಡು ಹಾಳಾಗುತ್ತದೆ.

ಆಮೇಲೆ ಶುರುವಾಯಿತು. ಮೊಳಕ್ಕಿಂತ ಉದ್ದದ ಹಲಗೆ, ಎರಡು ಕಡೆ ಹಿಡಿ, ಅಡಿಗೆ ಒರಟು ಕಾಗದ. ಒಂದು ತುದಿಗೆ ಮಾವ, ಇನ್ನೊಂದು ತುದಿಗೆ ನಾನು. ನೇರ ಉಜ್ಜುವ ಹಾಗಿಲ್ಲ, ಓರೆಯಾಗಿ. ಒಮ್ಮೆ ಹೀಗೆ ಓರೆ, ಒಮ್ಮೆ ಹಾಗೆ ಓರೆ. ಜಾಸ್ತಿ ಒತ್ತಿದರೆ ಗಾಜಿನ ಬಟ್ಟೆಯೇ ಹರಿದು ಮರ ಇಣುಕುತ್ತದೆ, ಕಡಿಮೆ ಒತ್ತಿದರೆ ಏನೂ ಆಗುವುದಿಲ್ಲ. ತಗ್ಗಿದ್ದ ಕಡೆ ರೆಸಿನ್‌ಗೆ ಬಿಳಿ ಪುಡಿ ಕಲಸಿ, ಗಟ್ಟಿ ಚಟ್ನಿಯಂಥ ಪುಟ್ಟಿ ಮಾಡಿ ತುಂಬಿದೆವು. ಅದು ಒಣಗಿದ ಮೇಲೆ ಮಾವ ಪೆನ್ಸಿಲ್ ತೆಗೆದುಕೊಂಡು ಇಡೀ ದೋಣಿಯ ಮೇಲೆ ಮಗುವಿನ ಹಾಗೆ ಗೀಚಿದರು.

"ಈಗ ಉಜ್ಜು. ಗೀಚಿದ್ದು ಅಳಿಸಿಹೋದ್ರೆ ಉಬ್ಬು. ಉಳ್ಕೊಂಡ್ರೆ ತಗ್ಗು."

ಉಳಿದುಕೊಂಡಿತು. ಮತ್ತೆ ಪುಟ್ಟಿ. ಮತ್ತೆ ಗೀಚು. ಮತ್ತೆ ಉಜ್ಜು. ಟವೆಲ್ಲಿನಲ್ಲಿ ಮುಖ ಕಟ್ಟಿಕೊಂಡರೂ ಗಾಜಿನ ಧೂಳು ಕುತ್ತಿಗೆಗೆ, ತೋಳಿಗೆ ಹತ್ತಿ ತುರಿಕೆಯೋ ತುರಿಕೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಎದ್ದು ಹೋಗುತ್ತಿದ್ದರು.

"ಮಾವ, ಸಾಕು. ಸಣ್ಣಪುಟ್ಟದ್ದನ್ನ ಬಣ್ಣ ಮುಚ್ಚತ್ತೆ," ಎಂದೆ ಒಂದು ದಿನ.

ಮಾವ ಹಲಗೆ ಕೆಳಗಿಟ್ಟರು. "ಬಣ್ಣ ಮುಚ್ಚತ್ತಾ? ಬಣ್ಣ ಚಾಡಿ ಹೇಳತ್ತೆ ಕಣೋ! ಈಗ ಮಂಕಾಗಿದೆ, ಏನೂ ಕಾಣಲ್ಲ. ಹೊಳಪು ಬರ್ಲಿ, ಒಂದೊಂದು ತಗ್ಗೂ ಬೀದಿಗೆ ಕೇಳ್ಸೋ ಹಾಗೆ ಕೂಗತ್ತೆ."

ಕೊನೆಯ ಹಂತ ನೀರು ಹಾಕಿ ನಯವಾದ ಕಾಗದದಲ್ಲಿ ಉಜ್ಜುವುದು. ಆಮೇಲೆ ಪರೀಕ್ಷೆ. ಮಾವನ ಪರೀಕ್ಷೆಗೆ ಸ್ಕೇಲಿಲ್ಲ, ದೀಪವಿಲ್ಲ. ಕಣ್ಣು ಮುಚ್ಚಿ ಅಂಗೈ ಆಡಿಸಬೇಕು.

"ಕಣ್ಣಿಗೆ ದಾಕ್ಷಿಣ್ಯ ಜಾಸ್ತಿ. ಕೈಗೆ ಇಲ್ಲ."

ಗೇಟಿನೊಳಗೆ ಯಾರು ಬಂದರೂ ಬಿಡಲಿಲ್ಲ. ಹಾಲಿನವರು, ಪೋಸ್ಟ್‌ಮ್ಯಾನ್, ಗ್ಯಾಸ್ ಸಿಲಿಂಡರ್ ತಂದವರು. "ಬಾಪ್ಪಾ, ಕಣ್ಣು ಮುಚ್ಚು. ಕೈ ಆಡಿಸು. ಎಲ್ಲಾದ್ರೂ ಪಳ್ಳಂ ಇದೆಯಾ ಹೇಳು." ಸುಮಾ ದಿನಕ್ಕೆರಡು ಸಲ ಹುಡುಕುತ್ತಿದ್ದಳು. ತಗ್ಗು ಹಿಡಿದುಕೊಟ್ಟವರಿಗೆ ಕಾಫಿ. (ಪೋಸ್ಟ್‌ಮ್ಯಾನ್ ಕಾಫಿಗಾಗಿ ಇಲ್ಲದ ತಗ್ಗುಗಳನ್ನೂ ಹಿಡಿಯುತ್ತಿದ್ದರೆಂದು ನನ್ನ ಅನುಮಾನ.)

ಇಡೀ ಬೀದಿ ಮುಟ್ಟಿದ ಆ ದೋಣಿಯನ್ನು ಮುಟ್ಟುವ ಹಾಗಿಲ್ಲದವರು ಒಬ್ಬರೇ, ಅತ್ತೆ.

"ನೀನು ಮಾತ್ರ ಹತ್ತಿರ ಬರಬೇಡ್ವೇ. ನಿನ್ನ ಕೈ ಯಾವಾಗ್ಲೂ ಎಣ್ಣೆ. ಒಗ್ಗರಣೆ, ದೀಪ, ಜಡೆ. ಎಣ್ಣೆ ಬಿದ್ದ ಕಡೆ ಬಣ್ಣ ಹಿಡಿಯಲ್ಲ."

"ಕಾಫಿ ಕಾಯ್ಸೋ ಕೈ ಮಾತ್ರ ಬೇಕು," ಎಂದು ಅತ್ತೆ ಒಳಗೆ ಹೋದರು.

ಒಂದು ಶನಿವಾರ ಬೆಳಗ್ಗೆ ಬಣ್ಣ. ಹಿಂದಿನ ಸಂಜೆ ಮಾವ ಥಿನ್ನರ್ ಅದ್ದಿದ ಬಟ್ಟೆಯಲ್ಲಿ ದೋಣಿಯ ಮೈಯನ್ನೆಲ್ಲ ಒರೆಸಿ, ಇನ್ನು ಯಾರೂ ಮುಟ್ಟಕೂಡದು ಎಂದು ಸಾರಿದ್ದರು. ನೀಲಿ ಬಳಿದೆವು. ಕನ್ನಡಿಯ ಹಾಗೆ ಹೊಳೆಯಿತು. ಕಾಫಿ ಕುಡಿದು ಬಂದು ನೋಡಿದರೆ ಒಂದು ಪಕ್ಕದಲ್ಲಿ ಬಣ್ಣ ಸರಿದುಕೊಂಡಿದೆ, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಗುಳಿ ಗುಳಿ. ಗುಳಿಗಳನ್ನು ಕೂಡಿಸಿ ನೋಡಿದರೆ ಐದು ಬೆರಳು, ಒಂದು ಅಂಗೈ.

ಮಾವ ತುಂಬ ಹೊತ್ತು ನೋಡಿದರು. ಆಮೇಲೆ, "ಥತ್, ನನ್ನದೇ ಕೈ. ಅಭ್ಯಂಜನಕ್ಕೆ ಎಣ್ಣೆ ಹಚ್ಕೊಂಡು ಮರೆತು ಮುಟ್ಟಿಬಿಟ್ಟೆ," ಎಂದರು.

ನನಗೆ ಆ ದೃಶ್ಯ ಇಂದಿಗೂ ಸ್ಪಷ್ಟ. ಬೆಳಗಿನ ಮಬ್ಬು ಬೆಳಕು. ಸೊಂಟಕ್ಕೆ ಕೆಂಪು ಪಂಚೆ, ಹೆಗಲಿಂದ ಇಳಿಯುವ ಎಣ್ಣೆ. ಕಣ್ಣು ಮುಚ್ಚಿಕೊಂಡು ದೋಣಿಯ ಮೇಲೆ ಅಂಗೈಯಿಟ್ಟು ನಿಂತ ಮಾವ. ನಾನು ಹಜಾರದ ಕಿಟಕಿಯಿಂದ ನೋಡಿದ್ದು. ಇದನ್ನೇ ಎಷ್ಟೋ ಕಡೆ ಹೇಳಿದ್ದೇನೆ, ಇಲ್ಲಿ ಬರೆದೂ ಇದ್ದೇನೆ.

ವಿಚಿತ್ರವೆಂದರೆ, ಸಾಸಿವೆಯಷ್ಟು ತಗ್ಗನ್ನೂ ಬಿಡದ ಮಾವ ಆ ಕೈಯನ್ನು ಮಾತ್ರ ಬಿಟ್ಟರು. ಎರಡನೇ ಸಲ ಬಣ್ಣ ಬಳಿಯುವ ಮುಂಚೆ ಉಜ್ಜಿ ತೆಗೆಯಬಹುದಿತ್ತು. "ಇರ್ಲಿ ಬಿಡು," ಎಂದರು.

ದೋಣಿ ಹಿನ್ನೀರಿಗೆ ಹೋಗಿ ಬಂದದ್ದು ಕೆಲವೇ ಸಲ. ಆಮೇಲೆ ಮಾವನ ಎದೆನೋವು, ಆಸ್ಪತ್ರೆ. ಅವರು ಹೋದ ಮೇಲೆ ಒಂದು ಮಳೆಗಾಲದಲ್ಲಿ ವೇಲಚೇರಿಯೇ ಕೆರೆಯಾದಾಗ ಬೀದಿಯವರು ಅದೇ ದೋಣಿಯಲ್ಲಿ ಮನೆಮನೆಗೆ ಹಾಲು ತಂದರು. ದೋಣಿ ನೀರಿಗೆ ಹೋಗದಿದ್ದರೆ ನೀರೇ ದೋಣಿಯ ಹತ್ತಿರ ಬರುತ್ತದೆ ಎಂದು ಅತ್ತೆ ಆಗ ಹೇಳಿದ್ದು.

* * *

ನಾನು ಹೋದಾಗ ಪಂಚಾಯ್ತಿ ಸೇರಿತ್ತು. ಪೇಂಟರ್ ಮುರುಗೇಶನ್ ಸ್ಯಾಂಡಿಂಗ್ ಮೆಷಿನ್ ಹಿಡಿದು ನಿಂತಿದ್ದರು. ಆ ಪಕ್ಕ ಪೂರ್ತಿ ಉಜ್ಜಿಯಾಗಿತ್ತು. ಈ ಪಕ್ಕದಲ್ಲಿ, ಕೈ ಗುರುತಿಗೆ ಅಡ್ಡಲಾಗಿ ಸುಮಾ.

"ಸಾರ್, ಮಳೆ ವರದುಕ್ಕುಳ್ಳೆ ಮುಡಿಕ್ಕಣುಂ," ಎಂದರು ಮುರುಗೇಶನ್. ಮಳೆ ಬರುವುದರೊಳಗೆ ಮುಗಿಸಬೇಕಂತೆ. ಸುಮಾ ಜಾಗ ಬಿಡುವ ಹಾಗೆ ಕಾಣಲಿಲ್ಲ.

"ದೋಣಿ ಕೊಡಬೇಡ ಅಂತ ಹೇಳು ಮುರಳಿ. ಇಲ್ಲಾಂದ್ರೆ ಈ ಒಂದು ಜಾಗ ಬಿಟ್ಟು ಪೇಂಟ್ ಮಾಡ್ಲಿ. ಅಪ್ಪಾದು ಅಂತ ಬೇರೆ ಏನಿದೆ ನಂಗೆ?"

ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ ಶಾಂತವಾಗಿ ಕೇಳಿದರು. "ಬಾಪ್ಪಾ ಮುರಳಿ. ನೀನು ನೋಡಿದ್ದೇನು, ಹೇಳು."

ಹೇಳಿದೆ. ಮಬ್ಬು ಬೆಳಕು, ಕೆಂಪು ಪಂಚೆ, ಎಣ್ಣೆ, ಕಿಟಕಿ.

"ಕೆಂಪು ಪಂಚೆ," ಎಂದರು ಅತ್ತೆ. "ಶನಿವಾರ ಅಭ್ಯಂಜನ. ಸರಿ. ಆ ದೋಣಿ ಉಜ್ಜೋ ಅಷ್ಟು ದಿನ ಮನೇಲಿ ಗಂಡಸರಿಗೆ ಎಣ್ಣೆ ಮುಟ್ಟೋಕೆ ಬಿಟ್ಟಿದ್ರೇನೋ ನಿಮ್ಮಾವ?"

ನನ್ನ ಕೈ ತಾನಾಗಿ ತಲೆಗೆ ಹೋಯಿತು.

ಬಿಟ್ಟಿರಲಿಲ್ಲ. ಇದೂ ನನಗೆ ನೆನಪಿದೆ! ದೋಣಿಗೆ ಎಣ್ಣೆ ತಾಗುತ್ತದೆಂದು ಅಭ್ಯಂಜನ ಬಂದ್. ನನ್ನ ತಲೆ ಒಣಗಿ ಹೊಟ್ಟು ಹಾರುತ್ತಿತ್ತು, ಲ್ಯಾಬಿನಲ್ಲಿ ಸ್ನೇಹಿತರು ಹಿಮಾಲಯ ಎಂದು ಕರೆಯುತ್ತಿದ್ದರು. ಹಬ್ಬದ ದಿನವೂ ಎಣ್ಣೆಯಿಲ್ಲವೆಂದು ಅತ್ತೆ ಜಗಳವಾಡಿದ್ದರು. ಹಾಗಾದರೆ ಎಣ್ಣೆ ಹಚ್ಚಿಕೊಂಡು ನಿಂತ ಮಾವ ಎಲ್ಲಿಂದ ಬಂದರು?

"ಇನ್ನೊಂದು," ಎಂದರು ಅತ್ತೆ. "ಹಜಾರದ ಕಿಟಕಿ ಯಾವ ಕಡೆಗಿದೆ?"

ತಿರುಗಿ ನೋಡಿದೆ. ಹಜಾರದ ಕಿಟಕಿ ಬೀದಿಗೆ ತೆರೆಯುತ್ತದೆ. ದೋಣಿ ಇರುವುದು ಮನೆಯ ಇನ್ನೊಂದು ಪಕ್ಕದಲ್ಲಿ.

ಎರಡು ನೆನಪುಗಳಲ್ಲಿ ಒಂದು ಸುಳ್ಳು, ಎರಡೂ ಸಮನಾಗಿ ಹೊಳೆಯುತ್ತಿವೆ. ಮಾವ ಹೇಳಿದ ಒಂದು ಮಾತಿಗೆ ನಾನೇ ಬೆಳಕು ಹಾಕಿ, ಪಂಚೆ ಉಡಿಸಿ, ಕಿಟಕಿ ಕೊರೆದಿದ್ದೆ. ತಗ್ಗಿಗೆ ಪುಟ್ಟಿ ತುಂಬಿ ಉಜ್ಜಿದ ಹಾಗೆ. (ಹೋಲಿಕೆ ತೀರ ಸುಲಭವಾಗಿ ಕೈಗೆ ಸಿಕ್ಕಿತು. ಅದಕ್ಕೇ ಅದರ ಮೇಲೂ ಅನುಮಾನ.) ನಿಮ್ಮ ನೆನಪುಗಳಲ್ಲಿ ನೀವು ಕಂಡದ್ದೆಷ್ಟು, ಕೇಳಿದ್ದೆಷ್ಟು? ಎಂದಾದರೂ ಕಿಟಕಿ ಯಾವ ಕಡೆಗಿದೆ ಎಂದು ನೋಡಿದ್ದೀರಾ?

ಸುಮಾ ನನ್ನನ್ನು ದುರುಗುಟ್ಟಿದಳು. ಇವನೇನು ಸಾಕ್ಷಿಯೋ ಎಂಬಂತೆ.

"ಕೈ ಇಡು ಅದರ ಮೇಲೆ," ಎಂದರು ಅತ್ತೆ ನನಗೆ.

ಇಟ್ಟೆ. ನನ್ನ ಬೆರಳುಗಳು ಗುಳಿಗಳನ್ನು ದಾಟಿ ಆಚೆ ಹೋದವು.

"ನಿಮ್ಮಾವನ ಕೈ ನಿನ್ನ ಕೈಗಿಂತ ಚಿಕ್ಕದಿತ್ತಾ?"

ಮಾವನ ಕೈಯೇ? ತೆಂಗಿನಕಾಯಿ ಒಂದೇ ಕೈಯಲ್ಲಿ ಹಿಡಿದು ಸುಲಿಯುತ್ತಿದ್ದ ಕೈ ಅದು. ಸುಮಾ ನನ್ನ ಕೈ ಸರಿಸಿ ತನ್ನದಿಟ್ಟು ನೋಡಿದಳು. ದಿನಾ ಮುಟ್ಟುತ್ತಿದ್ದವಳು, ಎರಡು ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದಳೇ ಹೊರತು ಅಂಗೈಯಿಟ್ಟು ಅಳೆದಿರಲಿಲ್ಲ. ದೇವರ ಪಾದವನ್ನು ಯಾರಾದರೂ ಅಳೆಯುತ್ತಾರೆಯೇ? ಅವಳ ಬೆರಳು ತೆಳ್ಳಗೆ, ಉದ್ದ. ಹೊಂದಲಿಲ್ಲ.

ಅತ್ತೆ ಮೆಟ್ಟಿಲಿಂದ ಎದ್ದರು. ಸೆರಗಿಗೆ ಕೈ ಒರೆಸಿಕೊಂಡರು. ಬಂದು ಇಟ್ಟರು.

ಗುಳಿಗಳೆಲ್ಲ ಮುಚ್ಚಿಹೋದವು. ಕಿರುಬೆರಳಿನ ಸೊಟ್ಟು ಕೂಡ ಹೊಂದಿಕೊಂಡಿತು.

ಮೊದಲು ಮಾತಾಡಿದ್ದು ಮುರುಗೇಶನ್. "ಅಮ್ಮಾ, ನೀಂಗಳಾ!"

"ಅವತ್ತು ಬೆಳಗ್ಗೆ ದೀಪಕ್ಕೆ ಎಣ್ಣೆ ಹಾಕಿ, ಕೈಗೆ ಹತ್ತಿದ್ದನ್ನ ಅಂಗೈಗೆ ಸವರ್ಕೊಂಡು, ರಂಗೋಲಿ ಹಾಕೋಕೆ ಅಂತ ಹೊರಗೆ ಬಂದೆ. ಯಾರೂ ಎದ್ದಿರಲಿಲ್ಲ. ಊರೋರೆಲ್ಲ ಮುಟ್ಟಿದಾರೆ, ಸಿಲಿಂಡರ್ ತರೋನೂ ಮುಟ್ಟಿದಾನೆ. ಬಣ್ಣ ಬಿದ್ಮೇಲೆ ಮುಟ್ಟಿ ಏನು? ಒಂದ್ಸಲ ಕಣ್ಣು ಮುಚ್ಚಿ ಹೀಗೆ ಇಟ್ಟೆ."

"ಏಮ್ಮಾ, ಇತ್ತನೆ ವರುಷಂ ಸೊಲ್ಲಲೆ?" ಎಂದಳು ಸುಮಾ. ಇಷ್ಟು ವರ್ಷ ಯಾಕೆ ಹೇಳಲಿಲ್ಲ?

"ಅವರೇ ನನ್ನದು ಅಂದ್ರಲ್ಲ. ಎಲ್ಲರ ಮುಂದೆ. ಹೆಂಡತೀನ ಬಿಟ್ಟುಕೊಡಬಾರದು ಅಂತ ಅಂದ್ರೋ, ನಿಜವಾಗ್ಲೂ ತಮ್ಮದೇ ಅಂದ್ಕೊಂಡ್ರೋ, ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಆಮೇಲೆ ಅವರು ಹೋದ್ರು, ನೀನು ದಿನಾ ಮುಟ್ಟಿ ನಮಸ್ಕಾರ ಮಾಡೋಕೆ ಶುರು ಮಾಡ್ದೆ. ನಿನಗೆ ಅಪ್ಪನ ಕೈ ಬೇಕಿತ್ತು. ಇರ್ಲಿ ಅಂತ ಬಿಟ್ಟೆ. ಆದ್ರೆ ಅದಕ್ಕೋಸ್ಕರ ದೋಣಿ ಇಲ್ಲೇ ಬಿದ್ದು ಜೆಸಿಬಿ ಬಾಯಿಗೆ ಹೋಗೋದು ನಂಗೆ ಬೇಡಮ್ಮ. ಅದು ನೀರಿಗೆ ಅಂತ ಮಾಡಿದ್ದು."

ಮಾವನಿಗೆ ಗೊತ್ತಿತ್ತೇ? ಬೋಗಿಯ ಬಣ್ಣ ನೋಡಿಯೇ ಯಾವ ಪಾಳಿಯವರ ಕೆಲಸ ಎಂದು ಹೇಳುತ್ತಿದ್ದ ಮನುಷ್ಯ, ಒಂದು ಕೈ ನೋಡಿ ತನ್ನದೋ ಹೆಂಡತಿಯದೋ ಎಂದು ತಿಳಿಯದೆ ಇದ್ದಾರೆಯೇ? ಅಷ್ಟು ಹೊತ್ತು ನೋಡಿದರಲ್ಲ. (ಅಷ್ಟು ಹೊತ್ತು ನೋಡಿದ್ದಾದರೂ ನಿಜವೇ? ಇನ್ನು ಮುಂದೆ ನಾನು ಯಾವುದಕ್ಕೂ ಜಾಮೀನು ನಿಲ್ಲಲಾರೆ.)

ಸುಮಾ ಪಕ್ಕಕ್ಕೆ ಸರಿದಳು. ಮುರುಗೇಶನ್ ಮೆಷಿನ್ ಎತ್ತಿದರು. ಅತ್ತೆ ತಡೆದರು.

"ಮೆಷಿನ್ ಬೇಡಪ್ಪ. ಒಂದು ಉಪ್ಪುಕಾಗದ ಕೊಡು. ಇಷ್ಟು ಜಾಗ ನಾನೇ ಉಜ್ತೀನಿ. ಅವತ್ತಂತೂ ಉಜ್ಜೋಕೆ ಬಿಡಲಿಲ್ಲ ಯಾರೂ."

ಸೋಪಿನಲ್ಲಿ ಕೈ ತೊಳೆದುಕೊಂಡು ಬಂದರು! ಮರದ ತುಂಡಿಗೆ ಕಾಗದ ಸುತ್ತಿ, ಓರೆಯಾಗಿ, ಒಮ್ಮೆ ಹೀಗೆ, ಒಮ್ಮೆ ಹಾಗೆ. ಅಡುಗೆಮನೆಯ ಕಿಟಕಿಯಿಂದ ನೋಡಿ ಕಲಿತದ್ದಿರಬೇಕು. (ಆ ಕಿಟಕಿ ದೋಣಿಯ ಕಡೆಗೇ ಇದೆ, ಈಗ ಖಾತ್ರಿ ಮಾಡಿಕೊಂಡೆ.) ನೀಲಿ ಪುಡಿ ಸೀರೆಯ ಮೇಲೆ ಉದುರಿತು. ಬೆರಳುಗಳು ಮೊದಲು ಹೋದವು, ಅಂಗೈ ಆಮೇಲೆ. ಸುಮಾ ಎರಡು ಸಲ ಬೇರೆ ಕಡೆ ನೋಡಿದಳು. ಮೂರನೇ ಸಲ ತಾನೂ ಒಂದು ಕಾಗದ ತೆಗೆದುಕೊಂಡು ಅಮ್ಮನ ಪಕ್ಕ ನಿಂತಳು.

ಮುಗಿದ ಮೇಲೆ ಅತ್ತೆ ಕಣ್ಣು ಮುಚ್ಚಿ ಅಲ್ಲೇ ಅಂಗೈ ಆಡಿಸಿದರು. ಮುಖದಲ್ಲಿ ಒಂದು ತುಂಟ ನಗು.

"ಇಲ್ಲಿ ತಗ್ಗಿದೆ ನೋಡು. ಅವತ್ತೇ ನಂಗೆ ಗೊತ್ತಾಗಿತ್ತು."

"ಏನು?"

"ಇಲ್ಲೊಂದು ತಗ್ಗು ಬಿಟ್ಟಿದಾರೆ ನಿಮ್ಮಾವ. ಪೋಸ್ಟ್‌ಮ್ಯಾನಿಗೂ ಸಿಕ್ಕಿರಲಿಲ್ಲ, ನಿಂಗೂ ಸಿಕ್ಕಿರಲಿಲ್ಲ. ನಂಗೆ ಸಿಕ್ಕಿತು. ಹೇಳೋಣ ಅಂದ್ರೆ, ಮುಟ್ಟಿದ್ದು ಗೊತ್ತಾಗತ್ತಲ್ಲ!"

ಮುರುಗೇಶನ್ ಉದ್ದನೆಯ ಸ್ಟೀಲ್ ಸ್ಕೇಲ್ ತರಲು ಹೋದರು. "ಅದೆಲ್ಲ ಬೇಡಪ್ಪ," ಎಂದರು ಅತ್ತೆ.

ನಾನು ಕಣ್ಣು ಮುಚ್ಚಿ ಕೈ ಆಡಿಸಿದೆ. ಏನೂ ತಿಳಿಯಲಿಲ್ಲ. ಹಾಗೆಂದು ತಗ್ಗು ಇರಲಿಲ್ಲ ಎನ್ನಲಾರೆ. ಸುಮಾ ಕೈಯಿಟ್ಟಳು. ತುಂಬ ಹೊತ್ತು ಕಣ್ಣು ಮುಚ್ಚಿದ್ದಳು. "ಇರುಕ್ಕು ಮಾ. ಚಿನ್ನದಾ," ಎಂದಳು. ಇದೆ, ಚಿಕ್ಕದು. ಅವಳಿಗೆ ನಿಜವಾಗಿ ಸಿಕ್ಕಿತೋ, ಅಮ್ಮನಿಗಾಗಿ ಸಿಕ್ಕಿತೋ? ಕೇಳಲಿಲ್ಲ. ಆ ಮನೆಯಲ್ಲಿ ಇಂಥದ್ದನ್ನು ಕೇಳುವ ಪದ್ಧತಿ ಇಲ್ಲ.

ಮುರುಗೇಶನ್ ಪುಟ್ಟಿ ಕಲಸಿದರು. ಅತ್ತೆ ಎಲ್ಲರಿಗೂ ಕಾಫಿ ತರಲು ಒಳಗೆ ಹೋದರು.

ಈ ಹೊತ್ತಿಗೆ ದೋಣಿ ಹಳದಿಯಾಗಿ ಹಿನ್ನೀರಿನಲ್ಲಿ ಇರಬೇಕು. ಆದರೆ ಮಬ್ಬು ಬೆಳಕಿನಲ್ಲಿ, ಕೆಂಪು ಪಂಚೆಯುಟ್ಟು, ಮೈಯಿಂದ ಎಣ್ಣೆ ಇಳಿಸುತ್ತ ಮಾವ ನನ್ನ ಕಣ್ಣ ಮುಂದೆ ಈಗಲೂ ನಿಂತೇ ಇದ್ದಾರೆ. ಅವರನ್ನು ನಾನು ಯಾವ ಕಾಗದದಿಂದ ಉಜ್ಜಲಿ, ಹೇಳಿ?